ನನ್ನ ವಾರಗಿತ್ತಿಯ ಕಣ್ಣು

ನನ್ನ ವಾರಗಿತ್ತಿ ಎಂಥವಳು ಎಂದು ಯಾರಾದರೂ ಕೇಳಿದರೆ ಒಳ್ಳೆಯವಳು ಎಂದೇ ಹೇಳಬೇಕು. ಬೇರೆ ಏನು ಹೇಳಿದರೂ ಜನ ನಂಬುವುದಿಲ್ಲ. ನಾನು ಹೇಳಿ ನೋಡಿದ್ದೇನೆ.

ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಣ್ಣತಮ್ಮಂದಿರ ಎರಡು ಮನೆಗೂ ಒಂದೇ ಅಂಗಳ. ಅವಳ ಅಡುಗೆಮನೆಯ ಕಿಟಕಿಯೂ ನನ್ನ ಅಡುಗೆಮನೆಯ ಕಿಟಕಿಯೂ ಎದುರುಬದುರು. ಅತ್ತೆ ಉಣ್ಣುವುದು ನಮ್ಮ ಮನೆಯಲ್ಲಿ, ಹೊಗಳುವುದು ಆ ಮನೆಯವಳನ್ನು. ನನ್ನ ಅಡುಗೆಗೆ ಉಪ್ಪು ಹೆಚ್ಚಾದರೆ "ಗಮನ ಎಲ್ಲಿತ್ತು ನಿಂದು?" ಅವಳ ಅಡುಗೆಗೆ ಹೆಚ್ಚಾದರೆ "ಪಾಪ, ಕೆಲಸ ಮಾಡಿ ದಣಿದಿರ್ತಾಳೆ." ಅದೇ ಕೆಲಸಕ್ಕೆ, ಅದೇ ಬಸ್ಸಿನಲ್ಲಿ, ಅವಳ ಪಕ್ಕದ ಸೀಟಿನಲ್ಲೇ ಕೂತು ನಾನೂ ಹೋಗಿ ಬರುತ್ತೇನೆ ಎನ್ನುವುದು ಅತ್ತೆಗೆ ನೆನಪಾಗುವುದಿಲ್ಲ.

ಅವಳಲ್ಲಿ ತಪ್ಪೇ ಇಲ್ಲವೆಂದಲ್ಲ. ವಾರಕ್ಕೊಮ್ಮೆಯಾದರೂ ಹಾಲು ಉಕ್ಕಿಸುತ್ತಾಳೆ. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಳ್ಳುತ್ತಾಳೆ. ನಗು ಬಂದರೆ ಸಾವಿನ ಮನೆಯಲ್ಲೂ ತಡೆಯಲಾರಳು. ಇಷ್ಟು ಕೂಡಿಹಾಕುವುದಕ್ಕೆ ನನಗೆ ವರ್ಷಗಳೇ ಹಿಡಿದವು. ಮೊಸರಿನಲ್ಲಿ ಕಲ್ಲು ಹುಡುಕುವುದು ಎಷ್ಟು ಕಷ್ಟದ ಕೆಲಸವೆಂದು ನನ್ನನ್ನು ಕೇಳಿ.

ನಮ್ಮದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಹೊಲದಲ್ಲಿ ತಲೆ ಎತ್ತಿದ ಕಳೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಇನ್ನೂ ತಲೆ ಎತ್ತದೆ ಮಣ್ಣಿನೊಳಗೆ ಬೀಜವಾಗಿಯೇ ಮಲಗಿರುವ ಕಳೆಯನ್ನು ಎಣಿಸುವವರು ನಾವು. ಕೇಂದ್ರದ ಹೊಲದಲ್ಲಿ ಜೋಳವನ್ನು ಎರಡು ಥರ ಬೆಳೆಯುತ್ತಿದ್ದರು. ಕೆಲವು ತುಂಡುಗಳಲ್ಲಿ ಬರೀ ಜೋಳ. ಕೆಲವು ತುಂಡುಗಳಲ್ಲಿ ಜೋಳದ ಸಾಲುಗಳ ನಡುನಡುವೆ ಅಲಸಂದೆಯ ಅಕ್ಕಡಿ ಸಾಲು. ಅಲಸಂದೆ ಹಬ್ಬಿ ನೆಲಕ್ಕೆ ನೆರಳು ಮಾಡಿದರೆ ಕಳೆ ಹುಟ್ಟುವುದೂ ಕಡಿಮೆ, ಹುಟ್ಟಿದ್ದು ಬೀಜ ಉದುರಿಸುವುದೂ ಕಡಿಮೆ. ಹಾಗೆ ನಾಲ್ಕೈದು ವರ್ಷ ಮಾಡಿದರೆ ಮಣ್ಣಿನೊಳಗಿನ ಬೀಜದ ದಾಸ್ತಾನೇ ಕರಗಬೇಕು. ಕರಗುತ್ತದೆಯೇ, ಎಷ್ಟು ಕರಗುತ್ತದೆ ಎನ್ನುವುದು ನಮ್ಮ ಮೇಡಂ ಹಿಡಿದು ಕೂತ ಪ್ರಶ್ನೆ.

ಮೇಸ್ತ್ರಿ ಉಕ್ಕಿನ ಕೊಳವೆಯನ್ನು ಗೇಣುದ್ದ ನೆಲಕ್ಕೆ ಹೊಡೆದು ಮಣ್ಣು ತೆಗೆದು, ಬಟ್ಟೆಚೀಲಕ್ಕೆ ತುಂಬಿ, ನಂಬರು ಕಟ್ಟಿ ಕಳಿಸುತ್ತಾನೆ. ನಾವು ಅದನ್ನು ಬಕೆಟ್ಟಿನಲ್ಲಿ ಒಂದು ದಿನ ನೆನೆಸಿ, ಒಂದರ ಕೆಳಗೊಂದು ಇಟ್ಟ ಎರಡು ಜರಡಿಗಳ ಮೇಲೆ ನಲ್ಲಿ ನೀರು ಬಿಟ್ಟು ತೊಳೆಯುತ್ತೇವೆ. ಜೇಡಿಯೆಲ್ಲ ಹರಿದುಹೋಗಿ ಮರಳು, ಬೇರಿನ ಚೂರು, ಬೀಜ ಉಳಿಯುತ್ತದೆ. ಅದನ್ನು ಒಣಗಿಸಿ, ಬಿಳಿ ತಟ್ಟೆಯಲ್ಲಿ ಹರಡಿ, ಭೂತಗನ್ನಡಿಯ ಕೆಳಗಿಟ್ಟು, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಬೀಜ ಎತ್ತಬೇಕು. ಕಾಡು ಹರಿವೆಯ ಬೀಜ ಕರಿದಾಗಿ ಹೊಳೆಯುತ್ತದೆ, ಅದು ಸುಲಭ. ಗೋಣಿಸೊಪ್ಪಿನದು ಅದಕ್ಕಿಂತ ಚಿಕ್ಕದು, ಮಂಕು. ಮರಳಿನ ಕಣವೆಂದು ಯಾರಾದರೂ ಮೋಸಹೋಗುತ್ತಾರೆ. ಎತ್ತಿದ್ದನ್ನು ಚಿಮುಟದಿಂದ ಮೆಲ್ಲಗೆ ಒತ್ತಬೇಕು. ಗಟ್ಟಿ ನಿಂತರೆ ಜೀವ ಇದೆ, ಲೆಕ್ಕಕ್ಕೆ ಸೇರಿತು. ಪುಡಿಯಾದರೆ ಸತ್ತದ್ದು, ಬಿಡಬೇಕು. ಉಳಿದ ಕಸವನ್ನೂ ಎಸೆಯುವಂತಿಲ್ಲ. ಕಾಗದದ ಪೊಟ್ಟಣ ಕಟ್ಟಿ, ನಂಬರು ಬರೆದು, ಎರಡು ವರ್ಷ ಕಪಾಟಿನಲ್ಲಿ ಇಡಬೇಕು.

ಹನ್ನೆರಡು ವರ್ಷ ಆ ಭೂತಗನ್ನಡಿಯ ಮುಂದೆ ನಾನೊಬ್ಬಳೇ ಕೂತಿದ್ದೆ. ತುಂಡುಗಳು ಹೆಚ್ಚಾದಾಗ ಇನ್ನೊಬ್ಬರು ಬೇಕು ಅಂದರು ಮೇಡಂ. ನಾನು ಆ ಮಾತನ್ನು ಮನೆಯಲ್ಲಿ ಬಾಯಿ ತಪ್ಪಿ ಆಡಿಬಿಟ್ಟೆ. "ನಮ್ಮ ಚಿಕ್ಕೋಳನ್ನ ಸೇರಿಸಬಾರದಾ?" ಅಂದರು ಅತ್ತೆ. ನಾನೇ ಕೈಹಿಡಿದು ಕರೆದುಕೊಂಡು ಹೋಗಿ ಸೇರಿಸಿದೆ. ಇರಲಾರದೆ ಇರುವೆ ಬಿಟ್ಟುಕೊಂಡೆ.

ಅವಳ ಅಪ್ಪ ಕೈಗಡಿಯಾರ ರಿಪೇರಿಯವರು. ಅಂಗಡಿ ಎಂದರೆ ಯಾವುದೋ ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆ. ಅವರ ಕೈಯಿಂದ ಜಾರಿಬಿದ್ದ ತಿರುಪುಗಳನ್ನು ನೆಲದ ಬಿರುಕುಗಳಿಂದ ಹುಡುಕಿ ಕೊಡುವುದು ಐದನೇ ವಯಸ್ಸಿನಿಂದ ಅವಳ ಕೆಲಸವಾಗಿತ್ತಂತೆ. ಸಿಗದಿದ್ದರೆ ಅಪ್ಪ ಬೈಯುತ್ತಿರಲಿಲ್ಲ, ಅವಳೇ ಏಳುತ್ತಿರಲಿಲ್ಲವಂತೆ. ಇದನ್ನು ಅವಳು ನಗುತ್ತಾ ಹೇಳಿದಾಗ ನಾನೂ ನಕ್ಕೆ. ಮುಂದೆ ಏನು ಕಾದಿದೆ ಎಂದು ಗೊತ್ತಿದ್ದರೆ ನಗುತ್ತಿರಲಿಲ್ಲ.

ಸೇರಿದ ಮೂರನೇ ದಿನ, ನಾನು ಎಣಿಸಿ ಮುಗಿಸಿ ಪೊಟ್ಟಣ ಕಟ್ಟಲು ಇಟ್ಟಿದ್ದ ಕಸದ ಮೇಲೆ ಬಗ್ಗಿ ನಿಂತು ಅವಳು ಕೇಳಿದಳು. "ಅಕ್ಕ, ಇದು ಬೀಜ ಅಲ್ವಾ?"

"ಮರಳು ಅದು" ಅಂದೆ.

"ಒಂದು ಕಡೆ ಕಚ್ಚಿದ ಹಾಗಿದೆ ನೋಡಿ."

ಆ ಹೊತ್ತಿಗೇ ಮೇಡಂ ಒಳಗೆ ಬರಬೇಕೇ? ಭೂತಗನ್ನಡಿ ಎಳೆದುಕೊಂಡು ನೋಡಿದರು. ಗೋಣಿಸೊಪ್ಪಿನ ಬೀಜ. ಅದರ ಪಕ್ಕದಲ್ಲಿ ಇನ್ನೂ ಎರಡು. "ಪರವಾಗಿಲ್ಲವಲ್ಲ, ಮೂರೇ ದಿನಕ್ಕೆ" ಅಂದರು ಮೇಡಂ. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸಂಜೆಯ ಹೊತ್ತಿಗೆ ಸುದ್ದಿ ಮೇಸ್ತ್ರಿಗೆ ಮುಟ್ಟಿ, ಅವನು ಅವಳಿಗೆ ಹದ್ದಿನ ಕಣ್ಣು ಎಂದು ಹೆಸರಿಟ್ಟ. ಹನ್ನೆರಡು ವರ್ಷ ದುಡಿದ ನನಗೆ ಆ ಕೇಂದ್ರದಲ್ಲಿ ಒಂದು ಅಡ್ಡಹೆಸರೂ ಇರಲಿಲ್ಲ. ಅಡ್ಡಹೆಸರಿಗೂ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರಾ ಎಂದರೆ, ನಾನು ಪಟ್ಟೆ.

ಅವಳು ಕೆಲಸ ಮಾಡುವ ರೀತಿಯೂ ನನಗೆ ಆಗುತ್ತಿರಲಿಲ್ಲ. ಎಡಗೈ ಮಡಿಲಲ್ಲಿ, ಬಲಗೈಯಲ್ಲಿ ಕುಂಚ. ಬೀಜ ಎತ್ತುವಾಗ ಉಸಿರು ಹಿಡಿಯುತ್ತಾಳೆ, ಇಟ್ಟ ಮೇಲೆ ಬಿಡುತ್ತಾಳೆ. ಮುಗಿದ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಕಡೆಯಿಂದ ಮತ್ತೆ ನೋಡುತ್ತಾಳೆ. ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಹಾಗೆ ತಿರುಗಿಸಿ ನೋಡಬೇಕೆಂದು ನನಗೆ ಹನ್ನೆರಡು ವರ್ಷದಲ್ಲಿ ಯಾಕೆ ಹೊಳೆಯಲಿಲ್ಲ ಎಂದು ಬಸ್ಸಿನಲ್ಲಿ ದಿನಾ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ನನ್ನ ಕಣ್ಣು ಕೈಕೊಡಲು ಶುರುವಾಯಿತು. ಬೀಜದ ಅಂಚು ಕದಡಿದಂತೆ ಕಾಣುವುದು, ಒಂದು ಎರಡಾಗಿ ಕಾಣುವುದು. ಯಾರಿಗೂ ಹೇಳಲಿಲ್ಲ. ಕನ್ನಡಕ ಹಾಕಿದರೆ ನನ್ನ ಕಣ್ಣು ಹೋಯಿತೆಂದು ನಾನೇ ಡಂಗುರ ಸಾರಿದಂತೆ. ಅದೂ ಪಕ್ಕದಲ್ಲಿ ಹದ್ದಿನ ಕಣ್ಣು ಕೂತಿರುವಾಗ.

ಹೀಗೆ ಐದು ವರ್ಷ ಕಳೆದ ಮೇಲೆ ಕಚೇರಿಯಿಂದ ಕಾಗದ ಬಂತು. ಮುಂದಿನ ಹಂಗಾಮಿನಿಂದ ಭೂತಗನ್ನಡಿಯ ಮುಂದೆ ಒಬ್ಬರೇ. ಆ ಒಬ್ಬರ ಕೆಲಸ ಕಾಯಂ. ಇನ್ನೊಬ್ಬರು ಹೊಲಕ್ಕೆ, ಮೇಸ್ತ್ರಿಯ ಕೈಕೆಳಗೆ ಕಳೆ ಕೀಳಲು. ಯಾರು ಎನ್ನುವುದನ್ನು ಈ ಹಂಗಾಮಿನ ಸಾಕ್ಷಿ ಬೀಜ ಹೇಳುತ್ತದೆ ಅಂದರು ಮೇಡಂ.

ಸಾಕ್ಷಿ ಬೀಜ ಎಂದರೆ ಏನೆಂದು ಹೇಳಬೇಕು. ತೊಳೆಯುವಾಗ, ಹುಡುಕುವಾಗ ಎಷ್ಟು ಬೀಜ ತಪ್ಪಿಹೋಗುತ್ತದೆ ಎಂದು ತಿಳಿಯಲು ಮಣ್ಣಿಗೆ ಗೊತ್ತಿರುವಷ್ಟು ಬೀಜ ಬೆರೆಸುತ್ತಾರೆ. ನಮ್ಮ ಹೊಲದಲ್ಲಿ ಎಂದೂ ಬೆಳೆಯದ ತಂಬಾಕಿನ ಬೀಜ. ಮಣ್ಣಿನ ಬಣ್ಣವೇ, ಧೂಳಿಗಿಂತ ಸ್ವಲ್ಪ ದಪ್ಪ. ಇಪ್ಪತ್ತು ಬೆರೆಸಿ ಹದಿನಾರು ಸಿಕ್ಕಿದರೆ ಐದರಲ್ಲಿ ಒಂದು ತಪ್ಪುತ್ತಿದೆ ಎಂದು ಅರ್ಥ. ಕಳೆ ಬೀಜದ ಲೆಕ್ಕವನ್ನೂ ಮೇಡಂ ಅದಕ್ಕೆ ತಕ್ಕಂತೆ ಹೆಚ್ಚಿಸಿ ಬರೆದುಕೊಳ್ಳುತ್ತಾರೆ. ಇಪ್ಪತ್ತಕ್ಕೆ ಇಪ್ಪತ್ತೂ ಸಿಕ್ಕಿದರೆ ಲೆಕ್ಕ ಇದ್ದ ಹಾಗೇ ನಿಲ್ಲುತ್ತದೆ. ನಮ್ಮಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಅವಳ ಚೀಲಕ್ಕೆ ನಾನು ಬೆರೆಸುವುದು, ನನ್ನ ಚೀಲಕ್ಕೆ ಅವಳು. ಎಷ್ಟು ಬೆರೆಸಿದೆವು ಎಂದು ಚೀಟಿಯಲ್ಲಿ ಬರೆದು, ಮಡಿಸಿ, ಮೇಡಂ ಮೇಜಿನ ಡಬ್ಬಿಗೆ ಹಾಕುವುದು. ಎಣಿಕೆ ಮುಗಿದ ಮೇಲೆ ಮೇಡಂ ಚೀಟಿ ಬಿಚ್ಚುತ್ತಾರೆ. ಒಬ್ಬರ ಕೈಯನ್ನು ಇನ್ನೊಬ್ಬರು ಕಾಯುತ್ತಾರೆ ಎಂದು ಅವರ ನಂಬಿಕೆ.

ಆ ಹಂಗಾಮಿನಲ್ಲಿ ನಾನೊಂದು ಹಟ ಮಾಡಿದೆ. ಅಲ್ಲಿಯವರೆಗೆ ಮೇಡಂ ಎರಡೂ ಥರದ ಚೀಲಗಳನ್ನು ಇಬ್ಬರಿಗೂ ಹಂಚುತ್ತಿದ್ದರು. ನಾನು ಹೋಗಿ "ಹಿರಿಯಳು ನಾನು, ಅಕ್ಕಡಿ ತುಂಡಿನ ಚೀಲಗಳೆಲ್ಲ ನನಗೇ ಇರಲಿ, ಬರೀ ಜೋಳದ್ದು ಅವಳಿಗೆ ಕೊಡಿ" ಅಂದೆ. ನೋಡಲು ಬರುವವರೆಲ್ಲ ಕೇಳುವುದು ಅಕ್ಕಡಿಯ ಲೆಕ್ಕವನ್ನೇ. ಅದು ಅವಳ ಕೈಗೆ ಸಿಗಬಾರದು, ಅಷ್ಟೇ. ಮೇಡಂಗೆ ಆವತ್ತು ಯಾವುದೋ ಸಭೆಯ ಅವಸರ. "ಆಯ್ತು ಹಾಗೇ ಮಾಡಿ" ಅಂದುಬಿಟ್ಟರು. ಅವರು ಮಾಡಿದ ತಪ್ಪು ಅದೊಂದೇ.

ಇನ್ನು ನನ್ನದು. ಅವಳ ಮೊದಲ ಚೀಲಕ್ಕೆ ಹದಿನಾರು ತಂಬಾಕಿನ ಬೀಜ ಹಾಕಿದೆ. ಚೀಟಿಯಲ್ಲಿ ಇಪ್ಪತ್ತು ಎಂದು ಬರೆದೆ.

ಕೈ ನಡುಗಿತು ಎಂದು ಬರೆದರೆ ಚೆನ್ನಾಗಿ ಕಾಣಬಹುದು. ನಡುಗಲಿಲ್ಲ. ಚೀಟಿ ಮಡಿಸಿ ಡಬ್ಬಿಗೆ ಹಾಕಿ, ಚಹಾ ಕುಡಿಯಲು ಹೋದೆ.

ಮೇಡಂ ಚೀಟಿ ಬಿಚ್ಚಿದ ದಿನ ಅವಳ ತಟ್ಟೆಯಲ್ಲಿ ಹದಿನಾರು ಇದ್ದವು. "ನಾಲ್ಕು ಬಿಟ್ಟಿದ್ದೀರಲ್ಲ" ಅಂದರು ಮೇಡಂ. ಅವಳ ಮುಖ ಸಪ್ಪಗಾಯಿತು. ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಕಸದ ಪೊಟ್ಟಣ ಬಿಚ್ಚಿ ಕೂತಳು. ಇಲ್ಲದ ನಾಲ್ಕು ಬೀಜವನ್ನು ಹುಡುಕುತ್ತಿದ್ದಳು. ಅವಳ ಪಕ್ಕದಲ್ಲೇ ಕೂತು ನಾನು ಊಟ ಮಾಡಿದೆ. ನನ್ನ ಚೀಲಕ್ಕೆ ಅವಳು ಹದಿನೈದು ಎಂದು ಚೀಟಿ ಬರೆದಿದ್ದಳು, ನನಗೆ ಹದಿನಾಲ್ಕು ಸಿಕ್ಕಿತ್ತು. ಅಷ್ಟು ಸಿಗುತ್ತದೆಂದು ನಾನೂ ಎಣಿಸಿರಲಿಲ್ಲ. ನನ್ನ ಕಣ್ಣು ನಾನಂದುಕೊಂಡಷ್ಟು ಕೆಟ್ಟಿಲ್ಲ ಎಂದು ಖುಷಿಯಾಯಿತು.

ಹಂಗಾಮು ಮುಗಿಯುವುದರೊಳಗೆ ತಲಾ ಹತ್ತು ಚೀಲ ಆಯಿತು. ಹತ್ತರಲ್ಲೂ ಅವಳು ಮೂರೋ ನಾಲ್ಕೋ ಐದೋ "ಕಳೆದುಕೊಂಡಳು". ನಾನು ಒಂದನ್ನು ಬಿಟ್ಟರೆ ಹೆಚ್ಚು. ಒಂದು ಸಲವಂತೂ ಅವಳ ಚೀಟಿಯಲ್ಲಿ ಹದಿನೈದು, ನನ್ನ ತಟ್ಟೆಯಲ್ಲಿ ಹದಿನಾರು. ಹಾಕಿದ್ದಕ್ಕಿಂತ ಹೆಚ್ಚು ಹೇಗೆ ಸಿಗುತ್ತದೆ? ಮೇಡಂ ಅವಳ ಕಡೆ ತಿರುಗಿದರು. "ಬೆರೆಸುವಾಗ ಎಣಿಸೋಕೂ ಆಗಲ್ವಾ ನಿಮಗೆ?"

"ತಪ್ಪಾಗಿರಬೇಕು ಮೇಡಂ" ಅಂದಳು ತಲೆ ತಗ್ಗಿಸಿ.

ಬಸ್ಸಿನಲ್ಲಿ ಆವತ್ತು ಕಿಟಕಿಯ ಪಕ್ಕದ ಸೀಟನ್ನು ನಾನೇ ಅವಳಿಗೆ ಬಿಟ್ಟುಕೊಟ್ಟೆ. ಗೆದ್ದವರು ಧಾರಾಳಿಗಳಾಗುವುದು ಸುಲಭ.

ಕಾಯಂ ಕೆಲಸ ನನಗೆ ಬಂತು, ಅವಳು ಹೊಲಕ್ಕೆ ಹೋದಳು. ಅತ್ತೆಗೆ ನಂಬಿಕೆಯೇ ಆಗಲಿಲ್ಲ. "ನಿಮ್ಮ ಮೇಡಂಗೆ ಕಣ್ಣಿಲ್ವಾ?" ಅಂದರು. "ಕಣ್ಣಿನ ಪರೀಕ್ಷೆಯೇ ಅತ್ತೆ ಅದು, ಸೋತಳು" ಅಂದೆ. ಎದುರು ಕಿಟಕಿಗೆ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಅಂದೆ. ಆ ಕಿಟಕಿಯಲ್ಲಿ ಪಾತ್ರೆಯ ಸದ್ದು ನಿಂತಿತು, ಆಮೇಲೆ ಮತ್ತೆ ಶುರುವಾಯಿತು.

ಮೇಡಂ ಹಂಗಾಮಿನ ಲೆಕ್ಕ ಕೂಡಿಸಿದರು. ಅಕ್ಕಡಿ ತುಂಡುಗಳ ಮಣ್ಣಿನಲ್ಲಿ ಕಳೆ ಬೀಜ ಬರೀ ಜೋಳದ ತುಂಡುಗಳ ಮೂರನೇ ಒಂದು ಪಾಲೂ ಇರಲಿಲ್ಲ. ಹಿಂದಿನ ವರ್ಷಗಳಲ್ಲಿ ಅಷ್ಟು ವ್ಯತ್ಯಾಸ ಕಂಡಿರಲಿಲ್ಲ. ಅಂತೂ ಬೀಜ ಕರಗಿತು ಎಂದು ಅವರು ಹಿಗ್ಗಿದರು. ಬಿತ್ತನೆಗೆ ಮುಂಚೆ ಸುತ್ತಲಿನ ಬೆಳೆಗಾರರಿಗೆಲ್ಲ ಹಂಚಲು ಒಂದು ಕರಪತ್ರ ತಯಾರಾಯಿತು: ಅಕ್ಕಡಿ ಬೆಳೆ ಹಾಕುವವರು ಎರಡನೇ ಸಲ ಕಳೆ ತೆಗೆಯಬೇಕಾಗಿಲ್ಲ. ಅಚ್ಚಿಗೆ ಹೋಗುವ ಮುಂಚೆ ಮೇಸ್ತ್ರಿ ಅದನ್ನು ಓದಿ ಮೂಗು ಮುರಿದ.

"ಏನು ಮೇಡಂ ಇ‌ದು? ಅಕ್ಕಡೀಲಿ ಕಳೆ ಕಮ್ಮಿ, ಇಲ್ಲ ಅನ್ನಲ್ಲ. ಆದ್ರೆ ಎರಡನೇ ಕಳೆ ಬಿಟ್ಟರೆ ಅಲಸಂದೆ ಎಲ್ಲಿದೆ ಅಂತ ಹುಡುಕಬೇಕಾಗುತ್ತೆ."

"ನೀವು ನೋಡೋದು ಮೇಲೆ ಬಂದಿದ್ದನ್ನ. ಒಳಗಿರೋದನ್ನ ಇವರು ಎಣಿಸಿದ್ದಾರೆ" ಅಂದರು ಮೇಡಂ, ನನ್ನ ಕಡೆ ಕೈತೋರಿಸಿ. ನಾನು ನೆಟ್ಟಗೆ ಕೂತೆ.

ಕೆಲಸ ಕಾಯಂ ಆದವರಿಗೆ ಕಚೇರಿಯವರು ಒಂದು ವರ್ಷದೊಳಗೆ ಆರೋಗ್ಯ ತಪಾಸಣೆ ಮಾಡಿಸುತ್ತಾರೆ. ಕಣ್ಣಿನ ಡಾಕ್ಟರು ನಾಲ್ಕು ಗಾಜು ಬದಲಾಯಿಸಿ, ಒಂದು ಚೀಟಿ ಬರೆದು ಕೊಟ್ಟರು. ಕನ್ನಡಕ ಹಾಕಿಕೊಳ್ಳಿ, ಕೆಲಸಕ್ಕೇನೂ ತೊಂದರೆ ಇಲ್ಲ ಅಂದರು. ಇಷ್ಟೇನಾ ಅನ್ನಿಸಿತು. ಇಷ್ಟಕ್ಕಾಗಿ ಮೂರು ವರ್ಷ ಹೆದರಿ ಸತ್ತಿದ್ದೆ.

ಹೊಸ ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದ ಬೆಳಿಗ್ಗೆ, ಅದು ಹೇಗೆ ಕಾಣುತ್ತದೆ ನೋಡೋಣ ಎಂದು ಕಪಾಟಿನಿಂದ ನನ್ನದೇ ಹಳೆಯ ಪೊಟ್ಟಣವೊಂದನ್ನು ತೆಗೆದು ತಟ್ಟೆಗೆ ಸುರಿದೆ. ಹೋದ ಹಂಗಾಮಿನ ಎರಡನೇ ಚೀಲದ್ದು. ಹದಿನೈದು ಸಾಕ್ಷಿ ಬೀಜಕ್ಕೆ ಹದಿನೈದೂ ನನಗೆ ಸಿಕ್ಕಿದ್ದ ಚೀಲ. ಉಳಿದಿರುವುದು ಬರೀ ಕಸ.

ಕಸದಲ್ಲಿ ಮೊದಲು ಕಂಡದ್ದು ಗೋಣಿಸೊಪ್ಪಿನ ಬೀಜ. ಒಂದಲ್ಲ ಎರಡಲ್ಲ, ತಟ್ಟೆಯ ತುಂಬ. ಒತ್ತಿ ನೋಡಿದೆ, ಗಟ್ಟಿ. ಎಲ್ಲ ಜೀವ ಇರುವಂಥವು, ನಾನು ಮರಳೆಂದು ಬಿಟ್ಟವು. ಆಮೇಲೆ ಕಂಡದ್ದು ತಂಬಾಕಿನ ಬೀಜ. ಆರು.

ಹದಿನೈದು ಹಾಕಿ, ಹದಿನೈದು ಎತ್ತಿ ಆದ ಮೇಲೆ ಈ ಆರು ಎಲ್ಲಿಂದ ಬಂದವು? ಅವಳಿಗೆ ಎಣಿಸಲು ಬರುವುದಿಲ್ಲ ಎಂದು ನಕ್ಕೆ. ಮೂರನೇ ಚೀಲದ ಪೊಟ್ಟಣ ಬಿಚ್ಚಿದೆ. ಚೀಟಿಯಲ್ಲಿ ಹನ್ನೆರಡು, ನಾನು ಎತ್ತಿದ್ದು ಹನ್ನೆರಡು, ಕಸದಲ್ಲಿ ಇನ್ನೂ ಐದು. ನಾಲ್ಕನೆಯದರಲ್ಲಿ ಏಳು. ಮಧ್ಯಾಹ್ನದವರೆಗೆ ಹತ್ತು ಪೊಟ್ಟಣವನ್ನೂ ನೋಡಿದೆ. ಹೆಚ್ಚಿನ ಬೀಜ ಇಲ್ಲದ ಪೊಟ್ಟಣ ಒಂದೂ ಇರಲಿಲ್ಲ. ಎಲ್ಲದರಲ್ಲೂ ಅವಳು ಚೀಟಿಯಲ್ಲಿ ಬರೆದದ್ದಕ್ಕಿಂತ ಐದಾರು ಹೆಚ್ಚು ಬೀಜ ಹಾಕಿದ್ದಳು. ನನ್ನ ಕಣ್ಣಿಗೆ ಎಷ್ಟು ತಪ್ಪುತ್ತದೆ ಎಂದು ಅಂದಾಜು ಮಾಡಿ, ಅಷ್ಟನ್ನು ಮೊದಲೇ ತುಂಬಿಕೊಟ್ಟಿದ್ದಳು. ಆ ಹದಿನಾರರ ಸಲ ಅವಳ ಅಂದಾಜು ಒಂದು ಬೀಜದಷ್ಟು ಹೆಚ್ಚಾಗಿತ್ತು, ಅದಕ್ಕೇ ಬೈಸಿಕೊಂಡಳು.

ಸತ್ಯ ಹೇಳಿಬಿಡುತ್ತೇನೆ. ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇಬ್ಬರೂ ಚೀಟಿಯಲ್ಲಿ ಸುಳ್ಳೇ ಬರೆದಿದ್ದೆವು. ಸುಳ್ಳು ಬರೆಯುವುದರಲ್ಲೂ ಅವಳು ನನಗಿಂತ ಮೇಲಾಗಬೇಕೇ? ಅಲ್ಲಾದರೂ ನನ್ನನ್ನು ಒಂದು ಸಲ ಮುಂದೆ ಬಿಡಬಾರದಿತ್ತೇ?

ಸಿಟ್ಟು ಇಳಿದ ಮೇಲೆ ಉಳಿದದ್ದೆಲ್ಲ ಹೊಳೆಯಿತು. ನಾನು ಅಷ್ಟೊಂದು ಬೀಜ ಬಿಟ್ಟಿದ್ದರೂ ಏನೂ ಬಿಟ್ಟಿಲ್ಲವೆಂದು ಅವಳ ಚೀಟಿ ಹೇಳಿತ್ತು. ಅಕ್ಕಡಿಯ ಲೆಕ್ಕ ಕಮ್ಮಿಯಾಗಿಯೇ ಉಳಿಯಿತು. ಅವಳು ಏನೂ ಬಿಡದಿದ್ದರೂ ಬಿಟ್ಟಳೆಂದು ನನ್ನ ಚೀಟಿ ಹೇಳಿತ್ತು. ಬರೀ ಜೋಳದ ಲೆಕ್ಕವನ್ನು ಮೇಡಂ ಏರಿಸಿದರು. ಆ ಮೂರನೇ ಒಂದು ಪಾಲು ಎನ್ನುವುದು ಅಲಸಂದೆ ಒಂದೇ ಮಾಡಿದ್ದಲ್ಲ, ದೊಡ್ಡ ಪಾಲು ಒಬ್ಬಳ ಹೊಟ್ಟೆಕಿಚ್ಚು, ಇನ್ನೊಬ್ಬಳ ಕನಿಕರ ಸೇರಿ ಮಾಡಿದ್ದು. ಅದನ್ನು ನಂಬಿ ಕಳೆ ತೆಗೆಯದೆ ಬಿಡುವವರು ಯಾರು ಯಾರೋ. ಕರಪತ್ರ ಮರುದಿನ ಅಚ್ಚಿಗೆ ಹೋಗುವುದಿತ್ತು.

ಕನ್ನಡಕ ಹಾಕಿಕೊಂಡೇ ಹೊಲಕ್ಕೆ ಹೋದೆ. ಅವಳು ಅಕ್ಕಡಿ ತುಂಡಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕುಡುಗೋಲಿನ ತುದಿಯಿಂದ ಕೊನ್ನಾರಿ ಗಡ್ಡೆ ಮೀಟುತ್ತಿದ್ದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು. ದಿನಾ ಬಸ್ಸಿನಲ್ಲಿ ಪಕ್ಕದಲ್ಲೇ ಕೂರುವವಳು, ನಾನು ನೋಡಿರಲೇ ಇಲ್ಲ.

"ಕನ್ನಡಕ ಒಪ್ಪುತ್ತೆ ಅಕ್ಕ ನಿಮಗೆ" ಅಂದಳು.

"ನನ್ನ ಚೀಲಕ್ಕೆ ಎಷ್ಟೆಷ್ಟು ಹಾಕ್ತಿದ್ದೆ ನೀನು?"

ಅವಳ ಕೈ ನಿಂತಿತು. "ಗೊತ್ತಾಯ್ತಾ?"

"ಯಾಕೆ ಹಾಗೆ ಮಾಡಿದೆ?"

"ಪಕ್ಕದಲ್ಲೇ ಕೂತಿರ್ತಿದ್ದೆನಲ್ಲ. ನೀವು ಕುಂಚಾನ ಬೀಜದ ಪಕ್ಕಕ್ಕೆ ಇಡ್ತಿದ್ರಿ. ಇಷ್ಟು ವರ್ಷ ಅಲ್ಲಿ ಕೂತೋರನ್ನ ಈ ವಯಸ್ಸಲ್ಲಿ ಬಿಸಿಲಿಗೆ ಕಳಿಸ್ತಾರಲ್ಲ ಅನ್ನಿಸ್ತು. ಇಬ್ಬರೂ ಸಮ ಬಂದರೆ ಹಿರಿಯರು ಅಂತ ನಿಮ್ಮನ್ನೇ ಇಟ್ಕೋತಾರೆ ಅಂದ್ಕೊಂಡೆ." ಅವಳು ಕೈಯಲ್ಲಿದ್ದ ಗಡ್ಡೆಯ ಮಣ್ಣು ಕೊಡವಿದಳು. "ಆಮೇಲೆ ನೋಡಿದ್ರೆ ನನಗೇ ಕೆಲಸ ಬರ್ತಿರಲಿಲ್ಲ. ಪ್ರತಿ ಸಲ ನಾಲ್ಕು ಐದು ಕಳ್ಕೊಂಡೆ. ಎಲ್ಲಿ ತಪ್ತಾ ಇದೆ ಅಂತ ಕೊನೆಗೂ ಗೊತ್ತಾಗ್ಲಿಲ್ಲ ಅಕ್ಕ. ಈಗ ಕಳೆ ಕೀಳುವಾಗಲೂ ಹಿಂದೆ ತಿರುಗಿ ತಿರುಗಿ ನೋಡ್ತೀನಿ, ಬಿಟ್ಟುಬಂದೆನಾ ಅಂತ. ಮನೇಲಿ ಕಾಳು ಆರಿಸೋದನ್ನೂ ಮಗಳಿಗೇ ಕೊಟ್ಟಿದೀನಿ."

ಸುಮ್ಮನಿದ್ದರೆ ಸುಮ್ಮನಿರಬಹುದಾಗಿತ್ತು. ಅವಳ ಸುಳ್ಳನ್ನು ಮಾತ್ರ ಮೇಡಂಗೆ ಹೇಳಿ, ನನ್ನದನ್ನು ನುಂಗಬಹುದಾಗಿತ್ತು. ಹೊಲಕ್ಕೆ ಬರುವ ದಾರಿಯಲ್ಲಿ ಅದನ್ನೂ ಯೋಚಿಸಿದ್ದೆ. ಕಾಳು ಆರಿಸುವುದನ್ನು ಮಗಳಿಗೆ ಕೊಟ್ಟಿದ್ದೇನೆ ಎಂದು ಅವಳು ಅನ್ನದಿದ್ದರೆ ಹಾಗೆಯೇ ಮಾಡುತ್ತಿದ್ದೆನೋ ಏನೋ.

"ನೀನು ಏನೂ ಕಳ್ಕೊಂಡಿಲ್ಲ" ಅಂದೆ. "ನಾನೇ ಇಪ್ಪತ್ತು ಅಂತ ಬರೆದು ಹದಿನಾರು ಹಾಕ್ತಿದ್ದೆ."

ಅವಳು ಕುಡುಗೋಲನ್ನು ನೆಲದ ಮೇಲಿಟ್ಟಳು.

"ಹದಿನಾರು ಹಾಕಿದಾಗ ನನಗೆ ಸಿಕ್ಕಿದ್ದು ಎಷ್ಟು?"

"ಹದಿನಾರು."

"ಎಲ್ಲಾ ಸಲಾನೂ?"

"ಹತ್ತು ಚೀಲಾನೂ. ನಾನು ಎಷ್ಟು ಹಾಕಿದ್ನೋ ಅಷ್ಟೂ ನೀನು ತೆಗೆದಿದ್ದೆ. ಒಂದೂ ತಪ್ಪಿಲ್ಲ."

ಬೈಯುತ್ತಾಳೆ ಎಂದು ಕಾದೆ. ಅವಳು ತನ್ನ ಮಣ್ಣು ಮೆತ್ತಿದ ಕೈಗಳನ್ನು ನೋಡಿಕೊಂಡಳು. "ಒಂದೂ ತಪ್ಪಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನಕ್ಕಳು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಆ ನಗುವಿನಲ್ಲಿ ನನಗೆ ಜಾಗವೇ ಇರಲಿಲ್ಲ. ನಾನು ಅಲ್ಲಿ ನಿಂತಿರುವುದನ್ನೇ ಮರೆತಿದ್ದಳು. ನಾನು ಅಷ್ಟು ವರ್ಷ ಎಣಿಸಿದರೂ ಒಂದು ಚೀಲದ ಬೀಜವನ್ನಾದರೂ ಹೀಗೆ ಪೂರ್ತಿ ತೆಗೆದವಳಲ್ಲ, ಹೀಗೆ ನಕ್ಕವಳಲ್ಲ. ಹಿಂದೆಂದೂ ಬಾರದಷ್ಟು ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಬಂತು.

ನಗು ನಿಂತ ಮೇಲೆ ನನ್ನ ಕಡೆ ನೋಡಿದಳು. "ಒಂದು ವರ್ಷ" ಅಂದಳು. "ಒಂದು ವರ್ಷ ನನ್ನ ಕಣ್ಣನ್ನ ನಾನೇ ನಂಬಲಿಲ್ಲ."

ಎದ್ದು ಕೈ ತೊಳೆದುಕೊಂಡು ಮೇಡಂ ಕೋಣೆಯ ಕಡೆ ನಡೆದಳು. ನಾನು ಹಿಂದೆ ಹೋದೆ. ಅವಳು ತನ್ನ ಚೀಟಿಗಳ ಸುಳ್ಳು ಹೇಳಿದಳು, ನಾನು ನನ್ನದು ಹೇಳಿದೆ. ಮೇಡಂ ಮೊದಲು ಅಚ್ಚಿನವರಿಗೆ ಫೋನು ಮಾಡಿ ಕರಪತ್ರ ನಿಲ್ಲಿಸಿದರು.

"ಇಪ್ಪತ್ತು ಪೊಟ್ಟಣವನ್ನೂ ಈಗ ಮತ್ತೆ ಎಣಿಸಬೇಕು" ಅಂದರು. "ನಿಮ್ಮಿಬ್ಬರಲ್ಲಿ ಯಾರನ್ನ ನಂಬಲಿ ನಾನು?"

"ಇವಳನ್ನ" ಅಂದೆ. ಜೊತೆಗೆ ಕೆಲಸ ಮಾಡಿದ ಆರು ವರ್ಷದಲ್ಲಿ ಅವಳ ಬಗ್ಗೆ ನಾನು ಆಡಿದ ಮೊದಲ ಒಳ್ಳೆಯ ಮಾತು ಅದು.

ಈಗ ಭೂತಗನ್ನಡಿಯ ಮುಂದೆ ಅವಳು ಕೂರುತ್ತಾಳೆ, ನಾನು ಮೇಸ್ತ್ರಿಯ ಕೈಕೆಳಗೆ ಕಳೆ ಕೀಳುತ್ತೇನೆ. ಸಾಕ್ಷಿ ಬೀಜವನ್ನು ಮೇಡಂ ಅವರೇ ಬೆರೆಸುತ್ತಾರೆ. ಅಕ್ಕಡಿಯ ಮಣ್ಣಿನಲ್ಲಿ ಕಳೆ ಬೀಜ ಕರಗುತ್ತಿದೆಯಂತೆ, ನಾವು ಹೇಳಿದಷ್ಟಲ್ಲ, ನಿಧಾನಕ್ಕೆ. ಕರಪತ್ರ ಇನ್ನೂ ಅಚ್ಚಾಗಿಲ್ಲ. ಆದ ಕತೆಯನ್ನು ಅವಳು ಮನೆಯಲ್ಲಿ ಬಾಯಿಬಿಟ್ಟಿಲ್ಲ, ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಾಳೆ. ನಾನು ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ, ತಾನಾಗಿಯೂ ಒಂದೆರಡು ಮಾತಾಡುತ್ತಾಳೆ, ನಗುವುದೂ ಉಂಟು. ಆವತ್ತು ಹೊಲದಲ್ಲಿ ಎದ್ದು ಕೈ ತೊಳೆದುಕೊಂಡ ಮೇಲೆ ನನ್ನನ್ನು ಅಕ್ಕ ಎಂದು ಮಾತ್ರ ಒಮ್ಮೆಯೂ ಕರೆದಿಲ್ಲ.

ಮಣ್ಣು ತೊಳೆಯಲು ಹೊಸದಾಗಿ ಒಬ್ಬಾಕೆ ಬಂದಿದ್ದಾಳೆ, ಸುಮಾರು ನನ್ನದೇ ವಯಸ್ಸು. ಚೀಲ ಕೊಡಲು ನಾನು ಒಳಗೆ ಹೋದಾಗ, ನನ್ನ ವಾರಗಿತ್ತಿ ತಟ್ಟೆಯಿಂದ ತಲೆ ಎತ್ತದೆ ಆಕೆಯನ್ನು ಕರೆಯುವುದು ಕೇಳಿಸುತ್ತದೆ. "ಅಕ್ಕ, ಇನ್ನೊಂದು ಸ್ವಲ್ಪ ನೀರು ಬಿಡಿ." ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.